ಚಾವಣಿ ಬಿಚ್ಚುವ ಕಾರಿಗೆ ಕಟ್ಟಿದ ಬೆಲೆ

ಹೊಸೂರಿನ ಬಳಿಯ ತೊರಪಲ್ಲಿ ಅಗ್ರಹಾರದ ಸರಳಾ ಮದುವೆ ಕಾರುಗಳಿಗೆ ಹೂವಿನ ಅಲಂಕಾರ ಮಾಡುವವಳು. ಮನೆಯ ಹಿಂದೆಯೇ ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಯಲ್ಲಿ ಅವಳ ಗುಲಾಬಿ ಬೆಳೆಯುತ್ತಿತ್ತು. ಹೊಸೂರಿನಿಂದ ಕೃಷ್ಣಗಿರಿಯವರೆಗೆ ಯಾವುದಾದರೂ ಕಲ್ಯಾಣ ಮಂಟಪದ ಮುಂದೆ ಹೂ ಮುಡಿದ ಕಾರು ನಿಂತಿದೆಯೆಂದರೆ ಅದು ಅವಳ ಕೈಕೆಲಸವೇ ಇರಬೇಕು. ವರ್ಷಗಟ್ಟಲೆ ಬೇರೆಯವರ ಕಾರುಗಳನ್ನು ಸಿಂಗರಿಸಿ ಸಿಂಗರಿಸಿ ಅವಳಿಗೊಂದು ಆಸೆ ಹುಟ್ಟಿತ್ತು. ತನ್ನದೇ ಒಂದು ಕಾರಿರಬೇಕು, ಅದನ್ನು ಮದುವೆಗಳಿಗೆ ಬಾಡಿಗೆಗೆ ಕೊಡಬೇಕು. ಅದೂ ಎಲ್ಲರೂ ತರುವಂಥ ಬಿಳಿಯ ದೊಡ್ಡ ಕಾರಲ್ಲ. ಕೂತವರು ಊರಿಗೆಲ್ಲ ಕಾಣುವ, ತಲೆಯ ಮೇಲೆ ಬರೀ ಆಕಾಶವಿರುವ ಕಾರು.

ಅಂಥದ್ದೊಂದು ಕರ್ನಾಟಕದ ಗಡಿಯಂಚಿನ ಜೂಜುವಾಡಿಯಲ್ಲಿ ಅವಳ ಕಣ್ಣಿಗೆ ಬಿತ್ತು. ಅಲ್ಲಿ ಚನ್ನಕೇಶವ ಎಂಬುವನು ಹಳೆಯ ಗಾಡಿಗಳನ್ನು ಮಾರುತ್ತಿದ್ದ. ಟೈರಿನ ಅಂಗಡಿಗೂ ಪರೋಟ ಹೋಟೆಲಿಗೂ ನಡುವೆ ಇದ್ದ ಅವನ ಅಂಗಳದಲ್ಲಿ ಗೂಡ್ಸ್ ಟೆಂಪೊಗಳು, ಸ್ಕೂಲ್ ವ್ಯಾನುಗಳು, ಕೆಸರು ಮೆತ್ತಿದ ಜೀಪುಗಳು ನಿಂತಿರುತ್ತಿದ್ದವು. ಅವುಗಳ ನಡುವೆ, ತಪ್ಪು ಬಸ್ಸು ಹತ್ತಿದ ಮದುಮಗಳಂತೆ, ಕುಂಕುಮ ಬಣ್ಣದ ಪುಟ್ಟ ವಿದೇಶಿ ಕಾರು. ಗುಂಡಿ ಒತ್ತಿದರೆ ಚಾವಣಿ ತಾನೇ ಮಡಚಿಕೊಂಡು ಡಿಕ್ಕಿಯೊಳಗೆ ಹೋಗಿ ಕೂರುತ್ತದಂತೆ. ಸರಳಾ ಆ ದಾರಿಯಲ್ಲಿ ಹೋದಾಗಲೆಲ್ಲ ಸ್ಕೂಟರ್ ನಿಲ್ಲಿಸಿ ನೋಡತೊಡಗಿದಳು. ಆಮೇಲಾಮೇಲೆ ಆ ದಾರಿಯಲ್ಲಿ ಕೆಲಸವಿಲ್ಲದಿದ್ದರೂ ಹೋಗತೊಡಗಿದಳು.

ಬೆಲೆ ಕೇಳಿದಾಗ ಮೊದಲ ಸಲ ಚನ್ನಕೇಶವ ಹದಿನೆಂಟು ಲಕ್ಷ ಎಂದ. ಮುಂದಿನ ಸಲ ಹದಿನೈದು. ಅದರ ಮುಂದಿನ ಸಲ, ಅವಳ ಕಣ್ಣುಗಳನ್ನು ನೋಡಿ, ಹದಿನಾರೂವರೆ.

"ಏನಣ್ಣ, ದಿನಕ್ಕೊಂದು ರೇಟಾ?"

"ನಿಜ ಹೇಳ್ತೀನಿ ಕಣಕ್ಕ, ಇದರ ರೇಟು ನಂಗೂ ಗೊತ್ತಿಲ್ಲ," ಎಂದ ಅವನು. ಚನ್ನಪಟ್ಟಣದ ಕಡೆಯಿಂದ ಹೊಸೂರಿನ ಕಾರ್ಖಾನೆಗೆ ಬಂದು, ಕೆಲವು ವರ್ಷ ದುಡಿದು, ಆಮೇಲೆ ಈ ವ್ಯಾಪಾರ ಹಿಡಿದವನು. "ಟೆಂಪೊ ಆದ್ರೆ ಸೌಂಡ್ ಕೇಳೇ ಬೆಲೆ ಹೇಳ್ಬುಡ್ತೀನಿ. ಇದನ್ನ ಬೆಂಗಳೂರೋರೊಬ್ರು ನೀರಿನ ಕ್ಯಾನ್ ಬಿಸಿನೆಸ್ಸಿಗೆ ಅಂತ ನನ್ ಟೆಂಪೊ ಮೂರು ತಗಂಡು, ಬದ್ಲಿಗೆ ಬಿಟ್ಟೋದ್ರು. ಹೋಲಿಸಾಣ ಅಂದ್ರೆ ಈ ಸುತ್ತಿನಾಗೆ ಇನ್ನೊಂದಿಲ್ಲ."

ಸರಳಾಳ ಗಂಡ ಉಮಾಶಂಕರ್ ಹೊಸೂರಿನ ಕಾರ್ಖಾನೆಯಲ್ಲಿ ಗೇರುಗಳ ಅಳತೆ ಪರೀಕ್ಷಿಸುವ ಕೆಲಸದಲ್ಲಿದ್ದ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ತಿರಸ್ಕರಿಸುವುದು ಅವನ ಉದ್ಯೋಗ, ಅದೇ ಸ್ವಭಾವವೂ ಆಗಿತ್ತು. ಫೋನಿನಲ್ಲಿ ಹುಡುಕಿ ನೋಡಿದ. ಅದೇ ಮಾದರಿಯ, ಅದೇ ವಯಸ್ಸಿನ ಕಾರು ದಿಲ್ಲಿಯಲ್ಲಿ ಒಂಬತ್ತು ಲಕ್ಷಕ್ಕಿತ್ತು, ಮುಂಬಯಿಯಲ್ಲಿ ಹನ್ನೊಂದಕ್ಕೆ, ಕೊಚ್ಚಿಯಲ್ಲಿ ಹತ್ತೊಂಬತ್ತಕ್ಕೆ. ಒಂದೇ ವಸ್ತುವಿಗೆ ಇಷ್ಟು ಬೆಲೆಗಳಿರುವುದು ಅವನ ಮನಸ್ಸಿಗೆ ಒಗ್ಗಲೇ ಇಲ್ಲ. ಕೊನೆಗೆ ಎಲ್ಲವನ್ನೂ ಕೂಡಿ ಭಾಗಿಸಿ, ಅದಕ್ಕೆ ಹೆಂಡತಿಯ ಆಸೆಯನ್ನೂ ಒಂದಿಷ್ಟು ಸೇರಿಸಿ, ತೀರ್ಪು ಕೊಟ್ಟ.

"ಹದಿನಾಕು. ಅದರ ಮ್ಯಾಲೆ ಒಂದು ರುಪಾಯಿ ಬ್ಯಾಡ. ಓಡಿಸಿ ನೋಡು, ತಪ್ಪು ಹುಡುಕು, ಇಳಿಸು. ನಂಗೆ ಶನಿವಾರ ಶಿಫ್ಟ್ ಐತೆ. ಅವ್ವನ್ನ ಕರ್ಕಂಡೋಗು."

ಅವನ ತಾಯಿ ಅಕ್ಕಯಮ್ಮ ಹೊರಟದ್ದು ವ್ಯಾಪಾರ ಮುರಿಯಬೇಕೆಂದೇ. ಸಂತೆಯಲ್ಲಿ ಅವರು ಬಂದರೆ ಸೊಪ್ಪಿನವರು ಬೇರೆ ಕಡೆ ನೋಡುತ್ತಿದ್ದರು. ಎಪ್ಪತ್ತರ ಆಸುಪಾಸಿನ, ಸಣ್ಣ ಮೈಯ, ದೊಡ್ಡ ದನಿಯ ಹೆಂಗಸು. "ಮಾಡೇ ಇಲ್ದಿರೋ, ತಲೆ ಮ್ಯಾಲೆ ಸೂರೇ ಇಲ್ದಿರೋ ಕಾರಂತೆ! ಮಳೆ ಬಂದ್ರೆ ಬೋಗುಣಿ ಹಿಡ್ಕಂಡು ನೀರು ಮೊಗೀತೀಯಾ?" ಎಂದು ದಾರಿಯುದ್ದಕ್ಕೂ ಸ್ಕೂಟರಿನ ಹಿಂದೆ ಕೂತು ಸರಳಾಳ ಕಿವಿಗೆ ಹೇಳುತ್ತ ಬಂದರು.

ಜೂಜುವಾಡಿ ಹತ್ತಿರವಾಗುತ್ತಿದ್ದಂತೆ ಸರಳಾ ಹೇಳಿದಳು: "ಅತ್ತೆ, ಒಂದೇ ಒಂದು ಮಾತು. ಏನೇ ಆದ್ರೂ ಮುಖದಾಗೆ ಖುಷಿ ತೋರಿಸ್ಬೇಡಿ. ಆವಯ್ಯ ನಮ್ ಮುಖ ನೋಡೇ ರೇಟ್ ಹೇಳೋದು."

"ಖುಷೀನಾ? ನಾನಾ?" ಎಂದು ಅಕ್ಕಯಮ್ಮ ನಕ್ಕರು.

ಚನ್ನಕೇಶವ ಕಾರು ತೊಳೆಸಿ ನಿಲ್ಲಿಸಿದ್ದ. ಇವರು ಬಂದದ್ದೇ ಒಳಗೆ ಕೈ ಹಾಕಿ ಗುಂಡಿ ಒತ್ತಿದ. ಕಿರ್ರ್ ಎಂದು ಡಿಕ್ಕಿ ಹಿಂದಕ್ಕೆ ಬಾಯಿ ತೆರೆಯಿತು. ಚಾವಣಿ ಎರಡು ತುಂಡಾಗಿ, ಒಂದರ ಮೇಲೊಂದು ಮಡಚಿಕೊಂಡು, ಮೆಲ್ಲಗೆ ಎದ್ದು ಹಿಂದೆ ಸರಿದು ಒಳಗಿಳಿಯಿತು. ಡಿಕ್ಕಿ ಮುಚ್ಚಿಕೊಂಡಿತು. ಸರಳಾ ಹಲ್ಲು ಕಚ್ಚಿ ಟೈರು ನೋಡುತ್ತಿದ್ದಳು.

"ಅಯ್ಯಯ್ಯಪ್ಪಾ!" ಎಂದು ಅಕ್ಕಯಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡು ಕೂಗಿದರು. "ಬಿಚ್ಕಂತು ಕಣೇ ಸರಳಾ! ಇನ್ನೊಂದ್ ಕಿತ ಮಾಡಪ್ಪಾ!"

ಬೆಲೆ ಅಲ್ಲೇ ಏರಿತೆಂದು ಸರಳಾಳಿಗೆ ತಿಳಿಯಿತು. ಚನ್ನಕೇಶವನ ಬಾಯಿ ಹದಿನಾರೂವರೆಯಲ್ಲೇ ಇತ್ತು, ಕಣ್ಣು ಮಾತ್ರ ಹದಿನೇಳಕ್ಕೆ ಹೋಗಿತ್ತು.

ಕಾರಿನಲ್ಲಿ ಇದ್ದುದು ಎರಡೇ ಸೀಟು. ಹಾಗಾಗಿ ಅತ್ತೆ ಸೊಸೆಯರಿಬ್ಬರನ್ನೇ ಕಳಿಸದೆ ಅವನಿಗೆ ಬೇರೆ ದಾರಿಯಿರಲಿಲ್ಲ. ಸರಳಾಳ ಸ್ಕೂಟರನ್ನು ತನ್ನಲ್ಲಿಟ್ಟುಕೊಂಡು, "ಬಸ್ ಸ್ಟ್ಯಾಂಡ್ ಗಂಟ ಹೋಗಿ ಬಂದ್ಬುಡಿ," ಎಂದ. ಸರಳಾ ಒಂದು ಬುಟ್ಟಿ ಗುಲಾಬಿ ತಂದಿದ್ದಳು. ಕುಂಕುಮ ಬಣ್ಣದ ಮೇಲೆ ಬಿಳಿ ಹೂ ಚೆನ್ನೋ ಹಳದಿ ಚೆನ್ನೋ ಎಂದು ಎಲ್ಲಾದರೂ ನಿಲ್ಲಿಸಿ ಇಟ್ಟು ನೋಡುವ ಯೋಚನೆ. ಚಾವಣಿ ಮಡಚಿ ಕೂತಿದ್ದರಿಂದ ಡಿಕ್ಕಿಯಲ್ಲಿ ಜಾಗ ಕಮ್ಮಿ. ಅಡ್ಡವಾಗಿದ್ದ ಒಂದು ತೆಳ್ಳನೆಯ ಹಲಗೆಯನ್ನು ಸ್ವಲ್ಪ ಮೇಲಕ್ಕೊತ್ತಿ ಬುಟ್ಟಿಯನ್ನು ಅದರಡಿ ತುರುಕಿದಳು.

ಅಕ್ಕಯಮ್ಮ ಸೀಟಿನಲ್ಲಿ ಕೂರಲು ಇಳಿದರು, ಇಳಿದರು, ಇನ್ನೂ ಇಳಿದರು. "ನೆಲದ್ ಮ್ಯಾಲೇ ಕೂತಂಗೈತಲ್ಲೇ!" ಎಂದು ಸೆರಗನ್ನು ತಲೆಗೆ ಸುತ್ತಿ ಗಲ್ಲದಡಿ ಗಂಟು ಹಾಕಿಕೊಂಡರು.

ಹೊಸೂರಿನ ಮೇಲ್ಸೇತುವೆಯ ಮೇಲೆ ಗಾಳಿ ಎದೆಗೇ ಬಂದು ಬಡಿಯಿತು. ಪಕ್ಕದಲ್ಲಿ ಸಾಗುತ್ತಿದ್ದ ಬಸ್ಸಿನ ಕಿಟಕಿಗಳಲ್ಲಿ ತಲೆಗಳು ಸಾಲುಗಟ್ಟಿದವು. ಅಕ್ಕಯಮ್ಮ ಮೊದಲು ಗಂಭೀರವಾಗಿ ನೋಡಿದರು, ಆಮೇಲೆ ಒಂದು ಕೈ ಎತ್ತಿದರು, ಆಮೇಲೆ ಎರಡೂ ಕೈ. ಬಸ್ ಸ್ಟ್ಯಾಂಡಿಗೆ ಇಳಿಯುವ ದಾರಿ ಕೆಳಗೆ ಕಾಣಿಸಿತು, ಹಿಂದಕ್ಕೂ ಹೋಯಿತು. ಸರಳಾ ಅದನ್ನು ಕಂಡೂ ತಿರುಗಿಸಲಿಲ್ಲ.

"ದಾರಿ ಬಿಟ್ಬುಟ್ಟೆ," ಎಂದರು ಅಕ್ಕಯಮ್ಮ.

"ಹೂಂ ಅತ್ತೆ."

"ಮುಂದೆ ತಿರುಗಿಸ್ಕಂಡ್ರಾಯ್ತು ಬುಡು."

ಪೇರಂಡಪಳ್ಳಿ ದಾಟುವಾಗ ಮುಖದ ಮೇಲೆ ಒಂದು ಹನಿ ಬಿತ್ತು. ಎದುರಿಗೆ, ಸೂಳಗಿರಿಯ ಕಡೆ, ಬಂಡೆಗುಡ್ಡಗಳ ಹಿಂದಿನ ಆಕಾಶ ನೇರಳೆ ಹಣ್ಣಿನಂತೆ ಕಪ್ಪಾಗಿತ್ತು. ಸರಳಾ ಪಕ್ಕಕ್ಕೆ ನಿಲ್ಲಿಸಿ ಗುಂಡಿ ಒತ್ತಿದಳು. ಟಿಂಗ್ ಎಂದು ಸದ್ದು ಬಂತು, ಕೆಂಪು ದೀಪ ಮಿನುಗಿತು, ಚಾವಣಿ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಳು. ಟಿಂಗ್. ಅಕ್ಕಯಮ್ಮ ಕೈ ಚಾಚಿ ತಾವೂ ಒತ್ತಿದರು, ಆಮೇಲೆ ಗುದ್ದಿದರು. ಟಿಂಗ್ ಟಿಂಗ್.

"ಹಾಳಾಗೋಯ್ತು," ಎಂದಳು ಸರಳಾ. ಮಳೆ ಜೋರಾಗತೊಡಗಿತು. ನೆನೆದರೆ ತಾವು ಒಣಗಬಹುದು. ಆದರೆ ಕೆನೆಬಣ್ಣದ ಚರ್ಮದ ಸೀಟುಗಳು? ಕಾರಿನ್ನೂ ತಮ್ಮದಲ್ಲ. ಎಲ್ಲಾದರೂ ಒಂದು ಸೂರು ಸಿಕ್ಕೀತೆಂದು ಅವಳು ಕಾರನ್ನು ಮುಂದಕ್ಕೆ ಓಡಿಸಿದಳು.

ಆಗ ಆ ವಿಚಿತ್ರ ನಡೆಯಿತು. ವೇಗ ಹೆಚ್ಚಿದ್ದೇ ತಲೆಯ ಮೇಲೆ ಮಳೆ ನಿಂತುಹೋಯಿತು. ಸುತ್ತಲೂ ಸುರಿಯುತ್ತಿತ್ತು, ಮುಂದಿನ ಲಾರಿ ಮಬ್ಬಾಗಿತ್ತು, ರಸ್ತೆಯ ಮೇಲೆ ನೀರು ಕುದಿಯುತ್ತಿತ್ತು. ಆದರೆ ಮುಂದಿನ ಗಾಜಿಗೆ ಬಡಿದ ಗಾಳಿ ಮಳೆಯನ್ನು ಎತ್ತಿ ಅವರ ತಲೆಯ ಮೇಲಿನಿಂದ ಹಾಯಿಸಿ ಹಿಂದಕ್ಕೆ ಎಸೆಯುತ್ತಿತ್ತು. ಅಕ್ಕಯಮ್ಮ ಮೆಲ್ಲಗೆ ಕೈ ಮೇಲೆತ್ತಿ ನೋಡಿದರು. ಬೆರಳ ತುದಿ ಒದ್ದೆಯಾಯಿತು. ಕೈ ಇಳಿಸಿದರು. ಒಣ ಗಾಳಿ.

"ನಾವು ನೆನೀತಾ ಇಲ್ಲ ಕಣೇ," ಎಂದರು ಪಿಸುದನಿಯಲ್ಲಿ. ಆಮೇಲೆ ಕೂಗಿದರು: "ಸರಳಾ, ನಾವು ಮಳೆ ಒಳಗಿದ್ದೂ ನೆನೀತಾ ಇಲ್ಲ!"

ಸರಳಾ ಒಂದು ಲಾರಿಯ ಹಿಂದೆ ವೇಗ ತಗ್ಗಿಸಿದಳು. ತಕ್ಷಣ ಮೂಗಿನ ಮೇಲೆ ನಾಲ್ಕು ಹನಿ ಬಿದ್ದವು. ಲಾರಿಯನ್ನು ದಾಟಿ ಓಡಿಸಿದಳು. ಹನಿ ನಿಂತವು. ಇಬ್ಬರೂ ಮುಖ ಮುಖ ನೋಡಿಕೊಂಡು ನಗತೊಡಗಿದರು. ಹೊಟ್ಟೆ ಹಿಡಿದುಕೊಳ್ಳುವಂಥ, ಸದ್ದು ಗಾಳಿಯಲ್ಲಿ ಹಾರಿಹೋಗಿ ಬರೀ ಬಾಯಿ ಕಾಣುವಂಥ ನಗು. ನಿಲ್ಲಿಸುವಂತಿಲ್ಲ, ತಿರುಗಿಸುವಂತಿಲ್ಲ. ಓಡುತ್ತಲೇ ಇರಬೇಕು.

ಅಕ್ಕಯಮ್ಮನ ಮಡಿಲಲ್ಲಿದ್ದ ಸರಳಾಳ ಫೋನು ಬಡಿದುಕೊಂಡಿತು. ಅವರು ಸ್ಪೀಕರ್ ಹಾಕಿ ಹಿಡಿದರು.

"ಅಕ್ಕಾ, ಎಲ್ಲಿದ್ದೀರಿ? ಬಸ್ ಸ್ಟ್ಯಾಂಡಿಗೆ ಇಷ್ಟೊತ್ತಾ?" ಚನ್ನಕೇಶವನ ದನಿ.

"ಸೂಳಗಿರಿ ಹತ್ರ ಇದ್ದೀವಪ್ಪಾ!" ಎಂದು ಅಕ್ಕಯಮ್ಮ ಕಿರುಚಿದರು.

"ಸೂಳಗಿರೀನಾ? ಅಲ್ಲಿ ಮಳೆ ಇಲ್ವಾ?"

"ಐತೆ! ಬೋ ಜೋರಾಗೈತೆ! ನಿನ್ ಮಾಡು ಮುಚ್ಕಣಾಕಿಲ್ಲ, ಕೆಟ್ಟೋಗೈತೆ!"

"ಅಯ್ಯೋ, ಸೀಟು! ನಿಲ್ಲಿಸಿ, ನಿಲ್ಲಿಸಿ!"

"ನಿಲ್ಸಿದ್ರೆ ನೆನೀತದೆ! ಓಡ್ತಿದ್ರೆ ನೆನಿಯಾಕಿಲ್ಲ!"

"ಏನು?"

ಸರಳಾ ಫೋನಿನತ್ತ ಬಾಗಿ ವಿಷಯ ವಿವರಿಸಿದಳು. ಚನ್ನಕೇಶವ ಅರ್ಥ ಮಾಡಿಕೊಂಡು ಇನ್ನೂ ಜೋರಾಗಿ ಕೂಗಿದ: "ಹಂಗಾರೆ ನಿಲ್ಲಿಸ್ಬೇಡಿ! ಓಡಿಸ್ತಾನೇ ಇರಿ ತಾಯಿ!"

ಇದೇ ಹೊತ್ತೆಂದು ಅಕ್ಕಯಮ್ಮನಿಗೆ ಸಂತೆ ನೆನಪಾಯಿತು. "ಮಾಡು ಕೆಟ್ಟಿರೋ ಗಾಡಿಗೆ ಹದಿನಾರೂವರೆಯಾ?"

"ಹದಿನಾಕು ಮಾಡ್ಕಳಿ!"

"ನಿಲ್ಲಿಸ್ಲಾ ಗಾಡೀನ?"

"ಬ್ಯಾಡ ಬ್ಯಾಡ! ಹದಿಮೂರು! ಸೀಟು ಒಣಗಿದ್ರೆ ಹನ್ನೆರಡಕ್ಕೇ ತಗಂಡೋಗಿ!" ಎಂದ ಅವನು, ಮತ್ತು ಫೋನು ಕಟ್ಟಾಯಿತು.

ಹನ್ನೆರಡು! ಉಮಾಶಂಕರ್ ಹೇಳಿದ್ದಕ್ಕಿಂತಲೂ ಎರಡು ಕಮ್ಮಿ. ಅಕ್ಕಯಮ್ಮ ಸೊಸೆಯ ತೊಡೆ ತಟ್ಟಿದರು. ಅದೇ ಹೊತ್ತಿಗೆ ಇನ್ನೊಂದು ಟಿಂಗ್ ಕೇಳಿಸಿತು. ಈ ಸಲ ಪೆಟ್ರೋಲಿನ ದೀಪ. ಮಾರುವ ಗಾಡಿಗೆ ಯಾರು ಟ್ಯಾಂಕು ತುಂಬಿಸುತ್ತಾರೆ?

ಸೂಳಗಿರಿ ದಾಟಿದ ಮೇಲೆ ಸಿಕ್ಕ ಮೊದಲ ಬಂಕಿನ ಸೂರಿನಡಿ ಬೈಕಿನವರು ಒತ್ತೊತ್ತಾಗಿ ನಿಂತಿದ್ದರು, ಒಂದು ಮೇಕೆಗೂ ಜಾಗವಿರಲಿಲ್ಲ. ಸರಳಾ ಒಳಗೆ ಹೋದಂತೆ ಮಾಡಿ, ಸುತ್ತು ಹೊಡೆದು, ಹೊರಗೆ ಬಂದಳು. ಬೈಕಿನವರ ಬಾಯಿಗಳು ತೆರೆದುಕೊಂಡವು. ಮುಂದಿನ ಬಂಕಿನಲ್ಲೂ ಜನವಿದ್ದರು, ಆದರೆ ಅಲ್ಲಿ ಅಕ್ಕಯಮ್ಮ ಸೀಟಿನಿಂದ ಅರ್ಧ ಎದ್ದು, "ದಾರಿ ಬುಡಿ, ದಾರಿ ಬುಡಿ! ವಳಿ ವಿಡುಂಗೊ! ಜರಗಂಡಿ!" ಎಂದು ಮೂರು ಭಾಷೆಯಲ್ಲಿ ಕೂಗಿದ್ದಕ್ಕೆ ಗುಂಪು ಎರಡಾಗಿ ಸೀಳಿತು. ಕಾರು ಸೂರಿನಡಿ ಬಂದು ನಿಂತಿತು. ಸೀಟಿನ ಮೇಲೆ ಬಿದ್ದ ಹನಿಗಳನ್ನು ಸರಳಾ ಸೆರಗಿನಿಂದ ಒರೆಸಿದಳು.

ಗುಂಪು ಸುತ್ತುವರಿಯಿತು. ಎಲ್ಲರ ಮೊದಲ ಪ್ರಶ್ನೆ ಒಂದೇ, ಎಷ್ಟು ಇದಕ್ಕೆ?

"ನೀವೇ ಹೇಳಿ, ಎಷ್ಟು ಬಾಳ್ತದೆ?" ಎಂದಳು ಸರಳಾ. ನಿಜಕ್ಕೂ ಅವಳಿಗೆ ತಿಳಿಯಬೇಕಿತ್ತು.

ಟೊಮೇಟೊ ಲಾರಿಯ ಚಾಲಕನೊಬ್ಬ ಸುತ್ತ ನಡೆದು, "ಲಗೇಜ್ ಹಾಕಕ್ಕೆ ಜಾಗಾನೇ ಇಲ್ಲ, ನಾಕು ಲಕ್ಷ," ಎಂದ. ಹೆಲ್ಮೆಟ್ ಹಾಕಿಕೊಂಡೇ ಇದ್ದ ಹುಡುಗಿಯೊಬ್ಬಳು ತಮಿಳಿನಲ್ಲಿ ಐವತ್ತು ಲಕ್ಷವಾದರೂ ಇರುತ್ತದೆಂದು ವಾದಿಸಿದಳು. ಮಾವಿನ ತೋಟದ ಯಜಮಾನರೊಬ್ಬರು ತೆಲುಗಿನಲ್ಲಿ, ಈ ದುಡ್ಡಿಗೆ ಎರಡು ಟ್ರಾಕ್ಟರ್ ಬರುತ್ತವೆ, ಆದರೆ ಟ್ರಾಕ್ಟರಿನಲ್ಲಿ ಕೂತು ಯಾರೂ ಹೀಗೆ ನಗುವುದಿಲ್ಲ ಎಂದರು. ಮುನೀಶ್ ಎಂಬ ಪೆಟ್ರೋಲ್ ಹಾಕುವವನು, "ಮಳೇಲಿ ಮುಚ್ಚದ ಕಾರಿಗೆ ಕಾಸು ಕೊಡೋದೇ ತಪ್ಪು," ಎಂದು ಮುಚ್ಚಳ ತಿರುಗಿಸಿದ. ಬಂಕಿನಲ್ಲಿ ಗಲಾಟೆಯೋ ಗಲಾಟೆ.

ಹೆಲ್ಮೆಟ್ ಹುಡುಗಿಗೆ ಏನಾದರೂ ಕೊಡಬೇಕೆಂದು ಅಕ್ಕಯಮ್ಮನಿಗೆ ಅನ್ನಿಸಿತು. ಐವತ್ತು ಲಕ್ಷ ಎಂದವಳಲ್ಲವೇ! "ಹೂವ ಕೊಡು ಆ ಮಗೀಗೆ," ಎಂದರು. ಸರಳಾ ಡಿಕ್ಕಿ ತೆರೆದು ಬುಟ್ಟಿ ಎಳೆದಳು. ಎಳೆದದ್ದೇ ಮೇಲಕ್ಕೊತ್ತಿಕೊಂಡಿದ್ದ ಹಲಗೆ ಕೆಳಗೆ ಬಿದ್ದು ಕೊಕ್ಕೆಗೆ ಟಕ್ಕನೆ ಸೇರಿಕೊಂಡಿತು. ಗುಂಡಿ ಒತ್ತಿದಾಗ ಟಿಂಗ್ ಎಂದದ್ದು ಯಾಕೆಂದು ಅವಳಿಗೆ ಹೊಳೆಯಿತು. ಬುಟ್ಟಿಯನ್ನು ಅತ್ತೆಯ ಕೈಗಿಟ್ಟು, ಡಿಕ್ಕಿ ಮುಚ್ಚಿ, ಓಡಿಬಂದು ಗುಂಡಿ ಒತ್ತಿದಳು.

ಕಿರ್ರ್. ಚಾವಣಿ ಎದ್ದಿತು, ಬಿಚ್ಚಿಕೊಂಡಿತು, ಬಂದು ಕೂತಿತು. ಬಂಕಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿ ಸಿಳ್ಳೆ ಹಾಕಿದರು. ಏನೂ ಕೆಟ್ಟಿರಲಿಲ್ಲ. ಚಾವಣಿ ಓಡಾಡುವ ಜಾಗದಲ್ಲಿ ಸಾಮಾನಿದೆಯೆಂದು ತಿಳಿದು ಕಾರು ಹುಷಾರಾಗಿ ಸುಮ್ಮನಿತ್ತು, ಅಷ್ಟೇ.

ಮಳೆ ನಿಂತ ಮೇಲೆ ಹಿಂದಕ್ಕೆ ಹೊರಟರು. ಚಾವಣಿ ಮತ್ತೆ ತೆರೆದಿತ್ತು. ಅದನ್ನು ಮುಚ್ಚಿಕೊಂಡು ಹೋಗುವ ಮಾತು ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ಗಾಳಿಯಲ್ಲಿ ಒದ್ದೆ ಮಣ್ಣಿನ, ಕೊತ್ತಂಬರಿಯ ವಾಸನೆ. ಡಿಕ್ಕಿಯಲ್ಲಿದ್ದ ಬುಟ್ಟಿ ಈಗ ಅಕ್ಕಯಮ್ಮನ ಕಾಲ ಬಳಿಯಿತ್ತು.

"ಹನ್ನೆರಡು ಅಂದವ್ನೆ," ಎಂದರು ಅಕ್ಕಯಮ್ಮ.

"ಕೆಟ್ಟೋಗೈತೆ ಅಂತ ನಾವ್ ಹೇಳಿದ್ದಕ್ಕೆ ಅಂದಿದ್ದು."

"ನಾವೇನು ಸುಳ್ಳು ಹೇಳ್ಲಿಲ್ಲ. ಆಗ ಕೆಟ್ಟಿತ್ತು."

"ಈಗ ಸರಿ ಐತಲ್ಲ ಅತ್ತೆ."

"ಅವ್ನು ಕೇಳಿದ್ರೆ ಹೇಳಾಣ. ಕೇಳ್ದಿದ್ರೆ ಸುಮ್ಕಿರಾಣ," ಎಂದು ಅಕ್ಕಯಮ್ಮ ತೀರ್ಮಾನಿಸಿದರು. ಹನ್ನೆರಡು ಎಂಬ ಆ ಸಂಖ್ಯೆ ಸರಳಾಳ ತಲೆಯೊಳಗೆ ಸಕ್ಕರೆ ಮಿಠಾಯಿಯಂತೆ ಕರಗುತ್ತಿತ್ತು.

ಚನ್ನಕೇಶವ ರಸ್ತೆಯ ಅಂಚಿನಲ್ಲೇ ನಿಂತು ಕಾಯುತ್ತಿದ್ದ. ಕಾರು ನಿಂತದ್ದೇ ಓಡಿಬಂದು ಸೀಟುಗಳನ್ನು ಮುಟ್ಟಿ ನೋಡಿದ. ಒಣಗಿದ್ದವು. ನಿಟ್ಟುಸಿರು ಬಿಟ್ಟ. "ಪಾಪ, ಮಾಡು ಕೆಟ್ಟ ಗಾಡಿ ಕೊಟ್ಟು ನಿಮ್ಗೂ ತೊಂದ್ರೆ ಮಾಡ್ದೆ. ಹನ್ನೆರಡು ಅಂದಿದ್ದೀನಿ, ಅಷ್ಟಕ್ಕೇ ತಗಳಿ," ಎಂದ. ಅವನ ಮುಖ ಚಿಕ್ಕದಾಗಿತ್ತು.

ಸರಳಾ ಅತ್ತೆಯ ಕಡೆ ನೋಡಿದಳು. ಅಕ್ಕಯಮ್ಮನ ತುಟಿ ಬಿಗಿದಿತ್ತು, ಕೆನ್ನೆ ಊದಿತ್ತು, ಕಣ್ಣು ಹೊಳೆಯುತ್ತಿತ್ತು. ತಡೆದುಕೊಳ್ಳಲು ಅವರಿಂದ ಆಗಲೇ ಇಲ್ಲ.

"ಕೆಟ್ಟಿಲ್ಲ ಕಣಪ್ಪೋ!" ಎಂದು ಕೈ ಚಾಚಿ ಗುಂಡಿ ಒತ್ತೇಬಿಟ್ಟರು. "ನೋಡು, ನೋಡು, ಹೆಂಗ್ ಬತ್ತದೆ ನೋಡು! ಇವ್ಳು ಹೂವಿನ್ ಬುಟ್ಟಿ ತುರುಕಿದ್ಳು, ಅದಕ್ಕೇ ಮುನಿಸ್ಕಂಡಿತ್ತು!"

ಚಾವಣಿ ಅವರಿಬ್ಬರ ತಲೆಯ ಮೇಲೆ ಬಂದು ಕೂತಿತು. ಮುಚ್ಚಿದ ಕಾರಿನೊಳಗೆ ಸರಳಾ ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು. ನಗುತ್ತಲೇ ಇಳಿದಳು. ಎದೆಯ ಮೇಲಿಂದ ಏನೋ ಇಳಿದಂತಾಯಿತು.

ಆಮೇಲೆ ಪರೋಟ ಹೋಟೆಲಿನ ಬೆಂಚಿನ ಮೇಲೆ ಟೀ ಇಟ್ಟುಕೊಂಡು ನಿಜವಾದ ವ್ಯಾಪಾರ ನಡೆಯಿತು. ಸರಳಾ ಕಂಡದ್ದನ್ನೆಲ್ಲ ಹೇಳಿದಳು. ನಾಲ್ಕೂ ಟೈರಿನ ರಬ್ಬರು ಒಣಗಿ ಗಡುಸಾಗಿದೆ, ಸವೆಯದಿದ್ದರೂ ವಯಸ್ಸಾಗಿದೆ, ಬದಲಾಯಿಸಬೇಕು. ವಿಮೆ ಮುಗಿದಿದೆ. ಕರ್ನಾಟಕದ ನಂಬರು, ತಮಿಳುನಾಡಿಗೆ ಬದಲಿಸಿಕೊಂಡರೆ ತೆರಿಗೆ ಕಟ್ಟಬೇಕು. ಆದರೆ ಇಂಜಿನ್ನಿನಲ್ಲಿ ಒಂದು ಅಪಸ್ವರವಿಲ್ಲ, ಬ್ರೇಕು ಚೆನ್ನಾಗಿದೆ, ಚಾವಣಿ ಸರಿಯಿದೆ. "ಇಷ್ಟು ಕೆಟ್ಟದ್ದು, ಇಷ್ಟು ಒಳ್ಳೇದು. ಈಗ ನೀವು ಹೇಳಣ್ಣ," ಎಂದಳು.

ಚನ್ನಕೇಶವ ಲೋಟ ಕೆಳಗಿಟ್ಟ. "ನೀವ್ ಸುಮ್ನಿದ್ದಿದ್ರೆ ಹನ್ನೆರಡಕ್ಕೆ ಹೋಗ್ಬುಡೋದು. ನಾನೂ ಮುಚ್ಚಿಡಲ್ಲ. ಆ ಮೂರು ಟೆಂಪೊ ನಂಗೆ ಹನ್ನೆರಡೂ ಮುಕ್ಕಾಲಿಗೆ ಬಿದ್ದಿದ್ವು. ಅದರ ಮ್ಯಾಲೆ ಮುಕ್ಕಾಲು ಲಕ್ಷ ಕೊಡಿ. ಹದಿಮೂರೂವರೆ. ಇದು ನ್ಯಾಯವೋ ಅಲ್ವೋ ಗೊತ್ತಿಲ್ಲ, ಆದ್ರೆ ನಿದ್ದೆ ಬತ್ತದೆ."

ಸರಳಾ ಕೈ ಚಾಚಬೇಕೆನ್ನುವಷ್ಟರಲ್ಲಿ ಶಿಫ್ಟ್ ಮುಗಿಸಿದ ಉಮಾಶಂಕರ್ ಬೈಕಿನಲ್ಲಿ ಬಂದಿಳಿದ. ಕಾರನ್ನು ಸುತ್ತು ಹಾಕಿದ, ಬಾಗಿಲಿನ ಸಂದಿಗಳನ್ನು ಬೆರಳಿನಿಂದ ಅಳೆದ, ಒಳಗೆ ಇಣುಕಿದ. ಬಹಳ ಹೊತ್ತು ಇಣುಕಿಕೊಂಡೇ ಇದ್ದ.

"ಸರಳಾ," ಎಂದ. "ಇದ್ರಾಗಿರೋದು ಎರಡೇ ಸೀಟು."

"ಹೂಂ."

"ಗಂಡು ಒಂದ್ರಾಗೆ, ಹೆಣ್ಣು ಒಂದ್ರಾಗೆ ಕೂತ್ರೆ ಡ್ರೈವರ್ ಎಲ್ ಕೂತ್ಕತಾನೆ?"

ಸರಳಾ ಚಾಚಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಇಷ್ಟು ದಿನ ಆ ಕಾರನ್ನು ನೋಡಿದ್ದಳು, ಟೈರು ಎಣಿಸಿದ್ದಳು, ಹೂವಿನ ಬಣ್ಣ ಯೋಚಿಸಿದ್ದಳು. ಈ ಒಂದು ಮಾತು ಅವಳಿಗೆ ಹೊಳೆದಿರಲಿಲ್ಲ. ಅತ್ತೆಗೂ ಹೊಳೆದಿರಲಿಲ್ಲ. ಇಬ್ಬರೇ ಕಾರಿನಲ್ಲಿ ಹೋಗಿ ಬಂದಿದ್ದ ಅವರಿಗೇ! ಚನ್ನಕೇಶವ ಎದ್ದು ನಿಂತು ಕಾರಿನೊಳಗೆ ನೋಡಿದ, ಅವನಿಗೂ ಈಗಷ್ಟೇ ತಿಳಿದಂತೆ.

"ಡಿಕ್ಕೀಲಿ," ಎಂದರು ಅಕ್ಕಯಮ್ಮ.

ಮೊದಲು ನಕ್ಕವನು ಚನ್ನಕೇಶವ. ಆಮೇಲೆ ಸರಳಾ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಅದರಲ್ಲಿ ಸ್ವಲ್ಪ ನಿಜವಾದ ನೀರೂ ಇತ್ತು. ಮದುವೆ ಬಾಡಿಗೆಯ ಲೆಕ್ಕವೆಲ್ಲ ಒಂದೇ ಪ್ರಶ್ನೆಗೆ ಉರುಳಿಹೋಗಿತ್ತು. ಚನ್ನಕೇಶವ ಮೆತ್ತಗೆ, "ಬ್ಯಾಡ ಅಂದ್ರೆ ಬ್ಯಾಡ ಕಣಕ್ಕ, ನಾನೇನೂ ಅನ್ಕಣಲ್ಲ," ಎಂದ.

"ಮದ್ವೆಗಾಗ್ದಿದ್ರೆ ಕತ್ತೆ ಬಾಲ," ಎಂದರು ಅಕ್ಕಯಮ್ಮ. "ನಮ್ಗಾಗ್ತದಲ್ಲ. ನಾನೂ ದುಡ್ಡು ಹಾಕ್ತೀನಿ. ಉಮಾ, ನೀನು ಕೂತ್ಕಂಡು ಓಡಿಸ್ನೋಡ್ಲಾ ಮೊದ್ಲು, ಆಮ್ಯಾಕೆ ಮಾತಾಡು." ಬೆಳಿಗ್ಗೆ ಇದೇ ಕಾರಿನ ವ್ಯಾಪಾರ ಮುರಿಯಲು ಹೊರಟ ಹೆಂಗಸು ಮಗನನ್ನು ತಳ್ಳಿ ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಚಾವಣಿ ತೆರೆಯಿತು. ಅಮ್ಮ ಮಗ ಗಡಿಯ ಕಡೆ ಹೋಗಿ ಮರೆಯಾದರು.

ಹಿಂದಿರುಗಿ ಬಂದಾಗ ಉಮಾಶಂಕರನ ಕೂದಲು ನೆಟ್ಟಗೆ ನಿಂತಿತ್ತು, ಅಂಗಿಯ ಗುಂಡಿಯೊಂದು ಬಿಚ್ಚಿತ್ತು, ಮುಖದಲ್ಲಿ ಸರಳಾ ಮದುವೆಯ ದಿನವೂ ಕಾಣದ ಒಂದು ಹೊಳಪಿತ್ತು. "ಎಷ್ಟಂದ್ರಿ? ಹದಿಮೂರೂವರೆಯಾ?" ಎಂದ ಎಲ್ಲರಿಗೂ ಕೇಳುವಂತೆ. "ಕಮ್ಮಿ ಆಯ್ತಲ್ವಾ? ಇದು ಹದಿನೆಂಟಾದ್ರೂ..."

ಸರಳಾ ಧಾವಿಸಿ ಗಂಡನ ಬಾಯಿ ಮುಚ್ಚಿದಳು. ಇನ್ನೊಂದು ಕೈಯನ್ನು ಚನ್ನಕೇಶವನಿಗೆ ಚಾಚಿದಳು. ಹದಿಮೂರೂವರೆಗೆ ವ್ಯಾಪಾರ ಮುಗಿಯಿತು.

ತಿಂಗಳೆರಡು ಆ ಕಾರು ಹಸಿರುಮನೆಯ ಪಕ್ಕ ನಿಂತಿತ್ತು. ಸಂಜೆ ಹೊತ್ತು ಮನೆಯವರು ಇಬ್ಬಿಬ್ಬರಾಗಿ ಸರದಿಯ ಮೇಲೆ ಸುತ್ತಿಬರುತ್ತಿದ್ದರು. ಸರದಿ ತಪ್ಪಿದರೆ ಅಕ್ಕಯಮ್ಮ ಊಟಕ್ಕೆ ಏಳುತ್ತಿರಲಿಲ್ಲ. ಒಂದು ದಿನ ಸೂಳಗಿರಿಯಿಂದ ಮಾಲಾ ಎಂಬ ಹುಡುಗಿ ಫೋನು ಮಾಡಿದಳು. ಹೊಸ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್, ಮದುವೆ ಗೊತ್ತಾಗಿದೆ, ರಸ್ತೆಯಲ್ಲಿ ಕಂಡ ಆ ಕಾರೇ ಮದುವೆಗೆ ಬಾಡಿಗೆಗೆ ಬೇಕಂತೆ. ಕಾರಿಗೆ ಡ್ರೈವರ್ ಕೂರಲು ಜಾಗವಿಲ್ಲವೆಂದು ಸರಳಾ ಮೊದಲೇ ಹೇಳಿದಳು.

"ಡ್ರೈವರ್ ಯಾಕಕ್ಕಾ? ನಾನೇ ಓಡಿಸ್ತೀನಿ," ಎಂದಳು ಮಾಲಾ. "ಅವ್ರಿಗೆ ಸೈಕಲ್ಲೂ ಬರಲ್ಲ."

ಮದುವೆಯ ಬೆಳಿಗ್ಗೆ ಕುಂಕುಮ ಬಣ್ಣದ ಕಾರು ಬಿಳಿ ಗುಲಾಬಿ ಮುಡಿದು ಹೊರಟಿತು. ಮುಂದೆ ನಾಗಸ್ವರ, ಡೋಲು. ಜರಿ ಸೀರೆಯ ಮಾಲಾ ಚುಕ್ಕಾಣಿ ಹಿಡಿದಿದ್ದಳು. ಮದುಮಗ ಸುರೇಂದ್ರ ಪಕ್ಕದಲ್ಲಿ ಎರಡೂ ಹಾರಗಳನ್ನು ಮಡಿಲಲ್ಲಿ ಅವುಚಿಕೊಂಡು ಕೂತಿದ್ದ. ರಸ್ತೆಯ ಎರಡೂ ಕಡೆ ಜನ. ಬೇರೆ ಹೆಣ್ಣುಮಕ್ಕಳು ಫೋನು ಎತ್ತಿ ಹಿಡಿದಿದ್ದರು, ಕೆಲವರು ಅಲ್ಲೇ ಸರಳಾಳ ನಂಬರು ಕೇಳುತ್ತಿದ್ದರು. ಮಂಟಪದ ಬಾಗಿಲಿಗೆ ಬಂದಾಗ ವಾದ್ಯದವರು ಒಳಕ್ಕೆ ತಿರುಗಿದರು. ಕಾರು ತಿರುಗಲಿಲ್ಲ. ಒಂದು ಕ್ಷಣ ನಿಂತಿತು, ಮಾಲಾ ಎದುರಿಗಿದ್ದ ಖಾಲಿ ಹೆದ್ದಾರಿ ನೋಡಿದಳು, ಆಮೇಲೆ ಗುಲಾಬಿ ಎಸಳುಗಳನ್ನು ಚೆಲ್ಲುತ್ತ ಕೃಷ್ಣಗಿರಿಯ ಕಡೆಗೆ ಹಾರಿಹೋದಳು. ಡೋಲು ನಿಂತಿತು. ಹುಡುಗಿಯ ತಂದೆ ಆರತಿಯವರನ್ನು ದಾಟಿ ರಸ್ತೆಗೆ ಓಡಿಬಂದರು.

"ಗಾಬರಿ ಆಗ್ಬೇಡಿ," ಎಂದರು ಅಕ್ಕಯಮ್ಮ. "ಬತ್ತಾರೆ. ಸುಮ್ಕೆ ಕೂತ್ಕಳಿ, ಮುಹೂರ್ತಕ್ಕೆ ಇನ್ನೂ ಹೊತ್ತೈತೆ."

ಬಂದರು. ಹೆಣ್ಣಿನ ಜಡೆ ಬಿಚ್ಚಿತ್ತು, ಗಂಡಿನ ಪೇಟ ಎಲ್ಲೋ ಹೊಲದ ಪಾಲಾಗಿತ್ತು, ಹಾರಗಳಲ್ಲಿ ದಾರ ಮಾತ್ರ ಉಳಿದಿತ್ತು. ಇಬ್ಬರಿಗೂ ನಗು ನಿಲ್ಲುತ್ತಿರಲಿಲ್ಲ. ಸರಳಾ ಬುಟ್ಟಿಯಿಂದ ಹೂ ತೆಗೆದು ಅಲ್ಲೇ ನಿಂತು ಹೊಸ ಹಾರ ಕಟ್ಟತೊಡಗಿದಳು. ಸುರೇಂದ್ರ ಕಾರಿನಿಂದ ಇಳಿಯದೆ, ಬಾಗಿಲನ್ನು ತಬ್ಬಿಕೊಂಡು ಕೇಳಿದ:

"ಅಕ್ಕಾ, ಇದನ್ನ ಕೊಡೋದಾದ್ರೆ ಎಷ್ಟಕ್ಕೆ ಕೊಡ್ತೀರಿ?"

"ಮೊದ್ಲು ಇಳ್ದು ಹೋಗಿ ತಾಳಿ ಕಟ್ಟಪ್ಪ," ಎಂದರು ಅಕ್ಕಯಮ್ಮ.